ಹಾಳೆಯಾಗಿದ್ದ ಬಂಡೆ ಚಿತ್ರವಾದದ್ದು

ಹಂಪಿಯ ತೇರುಬೀದಿಯಿಂದ ಹೊಳೆದಂಡೆ ಹಿಡಿದು ವಿಜಯವಿಠ್ಠಲನ ಗುಡಿಯ ಕಡೆ ನಡೆದರೆ ದಾರಿಯಲ್ಲಿ ಸುಗ್ರೀವನ ಗುಹೆ ಸಿಗುತ್ತದೆ. ಅದರ ಮಗ್ಗುಲಿನ ಬಂಡೆಯ ಮೇಲೆ ಉದ್ದಕ್ಕೆ ಹರಿದ ಗೆರೆಗಳಿವೆ. ಭೂವಿಜ್ಞಾನಿ ಅವನ್ನು ಕಲ್ಲಿನೊಳಗಿನ ಖನಿಜದ ಪಟ್ಟೆ ಎಂದಾನು. ಊರಿನವರಿಗೆ ಅವು ಸೀತೆಯ ಸೆರಗಿನ ಗುರುತು. ರಾವಣ ಹೊತ್ತೊಯ್ಯುವಾಗ ಸೀತೆ ಒಡವೆಯ ಗಂಟನ್ನು ಇಲ್ಲಿ ಕೆಡವಿದಳು, ಸುಗ್ರೀವ ಅದನ್ನು ಗುಹೆಯಲ್ಲಿ ಜೋಪಾನ ಮಾಡಿದ, ಸೆರಗು ಸೋಕಿದ ಕಡೆ ಬಂಡೆಯಲ್ಲಿ ಗೆರೆ ನಿಂತಿತು. ಸ್ವಲ್ಪ ಆಚೆ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವಿದೆ. ಅದು ವಾಲಿಯನ್ನು ಸುಟ್ಟ ಜಾಗವಂತೆ. ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಅದೆಂದು ಪುರಾತತ್ವದವರು ತೋರಿಸಿಕೊಟ್ಟು ದಶಕಗಳಾದವು. ತೋರಣಗಲ್ಲಿನಿಂದ ಬಳ್ಳಾರಿಗೆ ಹೋಗುವ ದಾರಿಯ ಕುಡತಿನಿಯಲ್ಲೂ ಅಂಥದೇ ಬೂದಿಗುಡ್ಡವಿದೆ. ಆದರೂ ವಾಲಿಯ ಚಿತೆ ಇನ್ನೂ ಆರಿಲ್ಲ.

ಗೆರೆಯೊಂದನ್ನು ಕಂಡು ಅಪಹರಣದ ಸಂಕಟವನ್ನು, ಬೂದಿಬಣ್ಣ ಕಂಡು ಸಾವನ್ನು ನೆನೆಯುವ ಈ ಜನ ಕುಂಚ ಹಿಡಿಯುವ ಮುಂಚೆಯೇ ನಿಸರ್ಗಚಿತ್ರವನ್ನು ಓದಲು ಕಲಿತಿದ್ದರು ಎನ್ನಬೇಕು. ವಿಚಿತ್ರವೆಂದರೆ, ಬರೆಯಲು ಮಾತ್ರ ಬಹಳ ತಡಮಾಡಿದರು. ಹೊಸಪೇಟೆ, ಹಂಪಿ, ಆನೆಗೊಂದಿ, ಕಂಪ್ಲಿ, ಸಂಡೂರು ಸೇರಿದ ಈ ಸೀಮೆಯಲ್ಲಿ ಬಣ್ಣ ಹಚ್ಚುವ ಕೆಲಸಕ್ಕೆ ಮೂರು ಸಾವಿರ ವರ್ಷಕ್ಕೆ ಕಡಿಮೆಯಿಲ್ಲದ ಇತಿಹಾಸವಿದೆ. ಆ ಕಾಲದ ಬಹುಭಾಗ ಬಂಡೆ ಚಿತ್ರದ ಹಾಳೆಯಾಗಿತ್ತು. ಅದೇ ಚಿತ್ರದ ವಸ್ತುವಾದದ್ದು ಈಚಿನ ಇನ್ನೂರಿಪ್ಪತ್ತು ವರ್ಷಗಳಲ್ಲಿ.

ಮೊದಲು ಬಣ್ಣದ ಮಾತು. ಹಂಪಿಯ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಸಂಡೂರಿನ ಬೆಟ್ಟಸಾಲು ಅದಕ್ಕಿಂತಲೂ ಹಿಂದಿನದು, ಹೊಟ್ಟೆ ತುಂಬ ಕಬ್ಬಿಣದ ಅದಿರು. ಆ ಅದಿರಿನ ಮುಖ್ಯ ಖನಿಜ ಹೆಮಟೈಟ್. ಇದರ ಸ್ವಭಾವ ಬಲು ಚೇಷ್ಟೆಯದು. ಗಟ್ಟಿ ಕಲ್ಲಾಗಿದ್ದಾಗ ಕಪ್ಪು, ಬೂದು, ಕೆಲವೊಮ್ಮೆ ಉಕ್ಕಿನ ಹೊಳಪು. ಅರೆದು ನೋಡಿ, ನೆತ್ತರಿನಂಥ ಕೆಂಪು ಹೊರಬರುತ್ತದೆ. ಹೆಸರು ಹುಟ್ಟಿರುವುದೇ ನೆತ್ತರು ಎಂಬರ್ಥದ ಗ್ರೀಕ್ ಪದದಿಂದ. ನಮ್ಮ ಕೆಮ್ಮಣ್ಣು, ಕಾವಿ, ಜಾಜು ಎಲ್ಲಕ್ಕೂ ಕೆಂಪು ಕೊಡುವುದು ಈ ಕಬ್ಬಿಣದ ಆಕ್ಸೈಡೇ. ಹಳದಿ ಮಣ್ಣನ್ನು ಕಾಸಿದರೆ ಅದರೊಳಗಿನ ನೀರಿನಂಶ ಹೋಗಿ ಅದೂ ಕೆಂಪಾಗುತ್ತದೆ. ಒಲೆಯ ಪಕ್ಕದ ಮಣ್ಣು ಬಣ್ಣ ಬದಲಿಸುವುದನ್ನು ಕಂಡ ಯಾರಿಗೂ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಯುರೋಪಿನ ಬಣ್ಣದ ಅಂಗಡಿಗಳಲ್ಲಿ ‘ಇಂಡಿಯನ್ ರೆಡ್’ ಎಂಬ ಹೆಸರಿನ ಬಣ್ಣ ಇಂದಿಗೂ ಮಾರಾಟವಾಗುತ್ತದೆ. ಈಗ ಅದನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ, ಆದರೆ ಹೆಸರು ಬಂದದ್ದು ಭಾರತದ ಕೆಂಪು ಮಣ್ಣಿನಿಂದ.

ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ, ಜನ ಮೋರೇರ ಗುಡ್ಡವೆನ್ನುವ ಬೆಟ್ಟದ ಮೇಲೆ, ಶಿಲಾಯುಗದ ಕೊನೆಯಿಂದ ಕಬ್ಬಿಣಯುಗದವರೆಗಿನ ಜನರ ನೂರಾರು ಕಲ್ಮನೆಗಳಿವೆ. ಅಲ್ಲಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳು: ಆಯುಧ ಹಿಡಿದವರು, ಕೈ ಕೈ ಹಿಡಿದು ಕುಣಿಯುವವರು, ಗೂಳಿ, ಜಿಂಕೆ, ಕುದುರೆ ಸವಾರ. ಬೆಟ್ಟವಿಲ್ಲ, ಮರವಿಲ್ಲ, ಮೋಡವಿಲ್ಲ. ಇರುವ ಬೆಟ್ಟದ ಮೇಲೆಯೇ ಕೂತು ಬರೆಯುವವನಿಗೆ ಇನ್ನೊಂದು ಬೆಟ್ಟ ಬರೆಯುವ ದರ್ದು ಏನಿತ್ತು? ಆದರೆ ಕೈಬೀಸಿನ ಪಾಠ ಅಲ್ಲೇ ಶುರುವಾಗುತ್ತದೆ. ಒಂದೇ ಬಣ್ಣದಲ್ಲಿ, ಬೆರಳೋ ಜಜ್ಜಿದ ಕಡ್ಡಿಯೋ ಹಿಡಿದು, ನಾಲ್ಕು ಎಳೆತದಲ್ಲಿ ಓಟವನ್ನೂ ಕುಣಿತವನ್ನೂ ತೋರಿಸಬೇಕು. ಗೆರೆ ವಾಲಿದರೆ ವೇಗ, ನೆಟ್ಟಗಾದರೆ ನಿಲುವು. ಕಣ್ಣು, ಮೂಗು, ಮುಖಭಾವ ಯಾವುದೂ ಇಲ್ಲದೆ ಕುಣಿಯುವವರ ಉಲ್ಲಾಸ ನೋಡುವವರಿಗೆ ತಲುಪುತ್ತದೆ.

ಭಾವ ಹೇಗೆ ತಲುಪುತ್ತದೆ ಎಂಬುದನ್ನು ಶಾಸ್ತ್ರವಾಗಿ ಬರೆದಿಟ್ಟವರೂ ಕನ್ನಡ ನಾಡಿನಲ್ಲಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅಡುಗೆ, ಆನೆ, ಬೇಟೆ, ಸಂಗೀತಗಳ ಜೊತೆಗೆ ಚಿತ್ರವಿದ್ಯೆಗೂ ಅದರಲ್ಲಿ ಜಾಗವಿದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಷ್ಟು ಮೃದುವಾಗುವ ತನಕ ಬೇಯಿಸಿ ವಜ್ರಲೇಪವೆಂಬ ಅಂಟು ತೆಗೆಯುವುದು, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಕೂಡಿಸಿ ಕುಂಚ ಕಟ್ಟುವುದು, ಇಂಗಳೀಕ, ಅರಗು, ಜಾಜು ಮೊದಲಾದವುಗಳಿಂದ ಬೇರೆ ಬೇರೆ ಕೆಂಪುಗಳನ್ನು ಪಡೆಯುವುದು, ಇವೆಲ್ಲ ಅಡುಗೆಯ ಪಾಕದಷ್ಟೇ ವಿವರವಾಗಿ ಬಂದಿವೆ. ಚಿತ್ರಗಳಲ್ಲಿ ಬಗೆಗಳನ್ನು ಹೇಳುವಾಗ ಕನ್ನಡಿಯಲ್ಲಿ ಕಂಡಂತೆ ಹೋಲುವ ವಿದ್ಧಚಿತ್ರವನ್ನು ಬೇರೆಯಾಗಿಟ್ಟು, ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸಗಳು ಏಳುವಂಥದ್ದನ್ನು ಭಾವಚಿತ್ರ ಎಂದು ಕರೆದಿದ್ದಾನೆ. ಹೋಲಿಕೆ ಒಂದು, ಭಾವ ಇನ್ನೊಂದು. ಪ್ಯಾರಿಸ್ಸಿನ ವಿಮರ್ಶಕರು ಏಳುನೂರು ವರ್ಷಗಳ ಬಳಿಕ ಇದೇ ವಿಷಯಕ್ಕೆ ಬಡಿದಾಡಿದರು. (ಇಂದು ನಾವು ಫೋಟೋಗೆ ‘ಭಾವಚಿತ್ರ’ ಎನ್ನುತ್ತೇವೆ. ಸೋಮೇಶ್ವರ ಕೇಳಿದ್ದರೆ ನಗುತ್ತಿದ್ದನೇನೋ.)

ನಾಟ್ಯಶಾಸ್ತ್ರ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹಂಚಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಿರೂಪಾಕ್ಷನ ಗುಡಿಯ ರಂಗಮಂಟಪದೊಳಗೆ ಹೋಗಿ ತಲೆಯೆತ್ತಿದರೆ ಕಕ್ಕಾಬಿಕ್ಕಿಯಾಗಬೇಕಾಗುತ್ತದೆ. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರ ಹೊತ್ತಿಗೆ ಕಟ್ಟಿಸಿದ ಮಂಟಪ ಅದು. ಅದರ ಮಾಡಿನ ತುಂಬ ಕೆಂಪೇ ಕೆಂಪು. ಮದುವೆಗೂ ಕೆಂಪು, ಯುದ್ಧಕ್ಕೂ ಕೆಂಪು, ಸನ್ಯಾಸಿಯ ಮೆರವಣಿಗೆಗೂ ಕೆಂಪು.

ಅಲ್ಲಿಯ ಚಿತ್ರಗಳು ಇವು: ಪಲ್ಲಕ್ಕಿಯಲ್ಲಿ ಕೂತ ವಿದ್ಯಾರಣ್ಯರು, ಮುಂದೆ ಹಿಂದೆ ಆನೆ, ಕುದುರೆ, ಕಾಲಾಳು, ವಾದ್ಯದವರು. ತಪಸ್ಸಿಗೆ ಕೂತ ಶಿವನಿಗೆ ಹೂಬಾಣ ಗುರಿಯಿಟ್ಟ ಮನ್ಮಥ. ಮೂರು ಪುರಗಳನ್ನು ಸುಡಲು ಹೊರಟ ತ್ರಿಪುರಾಂತಕ. ಮತ್ಸ್ಯಯಂತ್ರ ಭೇದಿಸುವ ಅರ್ಜುನ. ಸೀತಾರಾಮರ ಮದುವೆ, ಗಿರಿಜಾ ಕಲ್ಯಾಣ, ದಶಾವತಾರ, ದಿಕ್ಪಾಲಕರು. ಗಾರೆಯ ಮೇಲೆ ಬರೆದ ಈ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ. ವಿಜಯನಗರದ ಕಾಲದವೇ ಎನ್ನುವವರಿದ್ದಾರೆ, 18–19ನೇ ಶತಮಾನದವು ಎನ್ನುವವರೂ ಇದ್ದಾರೆ. 1837ರಲ್ಲಿ ಬಳ್ಳಾರಿಯ ಕಲೆಕ್ಟರ್ ಎಫ್. ಡಬ್ಲ್ಯೂ. ರಾಬರ್ಟ್‌ಸನ್ ಈ ಗುಡಿಯ ಗೋಪುರಗಳನ್ನು ದುರಸ್ತಿ ಮಾಡಿಸಿದ್ದಂತೂ ದಾಖಲಾಗಿದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರ ಮನೆತನಗಳು ಈ ಮಾಡಿನ ಬಣ್ಣ ತಮ್ಮ ಹಿರಿಯರ ಕೈಯದೆಂದು ಹೇಳಿಕೊಂಡು ಬಂದಿವೆ. ಹುಣಸೆಬೀಜದ ಅಂಟು, ಹಗುರ ಮರ, ಬೆಣಚುಕಲ್ಲಿನ ಪುಡಿಯಿಂದ ಎಬ್ಬಿಸಿದ ಒಡವೆಗಳು, ಮೇಲೆ ದಟ್ಟ ಕೆಂಪು ಹಳದಿ. ಅವರ ಗರುಡ, ಗೌರಿಯರನ್ನು ನೋಡಿ ಬಂದವರಿಗೆ ಆ ಮಾತನ್ನು ತಳ್ಳಿಹಾಕುವ ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಹೊರಗೆ ಹೇಮಕೂಟ, ಎದುರಿಗೆ ಮಾತಂಗ ಪರ್ವತ, ಮಗ್ಗುಲಲ್ಲಿ ತುಂಗಭದ್ರೆ. ಒಳಗಿನ ಚಿತ್ರಗಳಲ್ಲಿ ಈ ಬಂಡೆರಾಶಿಗೆ ಹಿನ್ನೆಲೆಯಾಗಿಯೂ ಜಾಗ ಸಿಕ್ಕಿಲ್ಲ. ಆಕೃತಿಗಳ ಹಿಂದಿರುವುದು ಬಯಲೂ ಅಲ್ಲದ, ಆಕಾಶವೂ ಅಲ್ಲದ ಸಪಾಟು ಬಣ್ಣ, ಚಾಚಿದ ಸೀರೆಯ ಹಾಗೆ. ದೂರ ಹತ್ತಿರ ಎಂಬುದಿಲ್ಲ, ಹೊತ್ತು ಮೂಡುವುದು ಮುಳುಗುವುದು ಇಲ್ಲ. ಆದರೂ ಮೆರವಣಿಗೆಯ ಸಡಗರ ಕಾಣುವವರ ಮೈಗೆ ತಾಗುತ್ತದೆ. ಅದಕ್ಕೆ ಮೊದಲ ಕಾರಣ ಕಪ್ಪು ಗೆರೆ. ಎಡೆಬಿಡದೆ ಒಂದೇ ಉಸಿರಿನಲ್ಲಿ ಎಳೆದ ಆ ಅಂಚುಗೆರೆ ಕಾಲಾಳುಗಳ ಕಾಲುಗಳನ್ನು ಒಂದರ ಪಕ್ಕ ಒಂದಿಟ್ಟು ತಾಳ ಹಾಕುತ್ತದೆ. ಇನ್ನೊಂದು ಕಾರಣ ಕೆಂಪಿನ ಸಹವಾಸ. ಬಿಳಿ, ಹಳದಿ, ಹಸಿರುನೀಲಿಗಳ ನಡುವೆ ಕೂತ ಈ ಕೆಂಪು ರೌದ್ರವನ್ನು ಬಿಟ್ಟು ಕುಂಕುಮದ, ಧಾರೆಸೀರೆಯ ಕೆಂಪಾಗುತ್ತದೆ. ತ್ರಿಪುರಾಂತಕನ ಬಿಲ್ಲಿನ ಬಾಗಿನ ಬಳಿ ಅದೇ ಕೆಂಪು ಉರಿಯಾಗುತ್ತದೆ. ಬಣ್ಣದ ಅರ್ಥ ಡಬ್ಬಿಯಲ್ಲಿರುವುದಿಲ್ಲ, ಅದು ನೆರೆಹೊರೆಯಿಂದ ಬರುತ್ತದೆ. ನಾಟ್ಯಶಾಸ್ತ್ರದ ಪಟ್ಟಿಗಿಂತ ಕಿನ್ನಾಳದ ಅಜ್ಜನ ಕೈಗೆ ಇದು ಹೆಚ್ಚು ಗೊತ್ತಿತ್ತು.

ಬಂಡೆಗಳ ಸೋಜಿಗವನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಹೊರಗಿನವನು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಒಂದರ ಮೇಲೊಂದು ಕೂತ ಕಲ್ಲುಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ನಿಂತಂತಿವೆ ಎಂದು ಬೆರಗುಪಟ್ಟ. ಅರಮನೆಯ ಒಳಗಣ ಚಿತ್ರಗಳನ್ನೂ ಅವನು ಕಂಡಿದ್ದ. ಪೋರ್ಚುಗೀಸರೂ ಸೇರಿದಂತೆ ಅಲ್ಲಿಗೆ ಬಂದುಹೋದ ನಾನಾ ಜನರ ಬದುಕಿನ ರೀತಿಯನ್ನು, ಕುರುಡರು ಭಿಕ್ಷುಕರನ್ನೂ ಬಿಡದೆ, ರಾಣಿಯರು ನೋಡಿ ತಿಳಿಯಲೆಂದು ಬರೆಸಲಾಗಿತ್ತಂತೆ. ಅಂದರೆ ಇಲ್ಲಿಯ ಚಿತ್ರಕಾರರಿಗೆ ಲೋಕವನ್ನು ನೋಡಿ ಬರೆಯುವುದು ಗೊತ್ತಿತ್ತು, ಮನುಷ್ಯಲೋಕವನ್ನು. 1565ರ ಯುದ್ಧದ ನಂತರದ ಸುಲಿಗೆಯಲ್ಲಿ ಆ ಅರಮನೆಯೂ ಹೋಯಿತು, ಚಿತ್ರಗಳೂ ಹೋದವು.

ನೆಲವನ್ನೇ ಚಿತ್ರವಾಗಿಸಿದವರು ಸರ್ವೆಯವರು. ಟಿಪ್ಪು ಬಿದ್ದ ವರ್ಷವೇ, 1799ರ ಕೊನೆಗೆ, ಕಾಲಿನ್ ಮೆಕೆಂಜಿ ಹಂಪಿಗೆ ಬಂದ. ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಹುಟ್ಟಿದ ಈ ಎಂಜಿನಿಯರ್ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಹಾಳು ಹಂಪಿಯ ನಕ್ಷೆಯನ್ನೂ ನೋಟಗಳನ್ನೂ ಅವನ ತಂಡ ಜಲವರ್ಣದಲ್ಲಿ ಬರೆದಿಟ್ಟಿತು. ಈ ಜಾಗದ ಮೊದಲ ಸರ್ವೆ ಅದೇ, ಕಾಗದದ ಮೇಲಿನ ಮೊದಲ ನಿಸರ್ಗಚಿತ್ರವೂ ಅದೇ ಎನ್ನಲು ಅಡ್ಡಿಯಿಲ್ಲ. ಸರ್ವೆಯ ಬಣ್ಣಕ್ಕೆ ಶಿಸ್ತಿದೆ. ನೀರಿಗೆ ತೆಳು ನೀಲಿ, ಗುಡ್ಡಕ್ಕೆ ಬೂದು ಕಂದು, ಕಟ್ಟಡಕ್ಕೆ ಒಂದು ಗುರುತು. ಕುಂಚ ತನ್ನ ಜಾಡನ್ನು ಬಿಡಬಾರದು, ಕೈಯ ನಡುಕವಾಗಲಿ ಸಂಭ್ರಮವಾಗಲಿ ಕಾಣಬಾರದು. ಭಾವ ಬೇಡವೆಂದೇ ಮಾಡಿದ ಕೆಲಸವದು. ಆದರೆ ಹಂಪಿಯ ಬಂಡೆಗಳು ಅಷ್ಟು ಸುಲಭಕ್ಕೆ ಸುಮ್ಮನಿರುವವಲ್ಲ. ಎಣಿಸಲಾಗದ, ಅಳೆಯಲಾಗದ ಆ ರಾಶಿಯನ್ನು ಸಾಲುಸಾಲು ಉರುಟುಗಳಾಗಿ ತೋರಿಸುವಾಗ ಶಿಸ್ತಿನ ಕೈಯೂ ಸ್ವಲ್ಪ ಸಡಿಲವಾಗಲೇಬೇಕು.

ಆಮೇಲೆ ಕ್ಯಾಮರಾ ಬಂತು. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವು ಕಣ್ಮರೆಯಾಗಿ, 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕಿದವು. ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದ. ಇತಿಹಾಸದವರಿಗೆ ಗ್ರೀನ್‌ಲಾನ ಚಿತ್ರಗಳು ನಿಧಿ. ಬಣ್ಣದ ಕಡೆಯಿಂದ ನೋಡಿದರೆ ಅವುಗಳಲ್ಲಿ ಒಂದು ವ್ಯಂಗ್ಯವಿದೆ. ಆ ಕಾಲದ ಬೆಳ್ಳಿಲವಣದ ಲೇಪಕ್ಕೆ ನೀಲಿ ಬೆಳಕಷ್ಟೇ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಹಾಗಾಗಿ ಆಕಾಶ ಬರೀ ಬಿಳಿ ಹಾಳೆಯಾಗಿ, ಕೆಂಪು ಎಲ್ಲ ಕಪ್ಪಾಗಿ ಬೀಳುತ್ತಿತ್ತು. ಈ ಸೀಮೆಯ ಮೈಬಣ್ಣ ಯಾವುದೋ ಅದಕ್ಕೇ ಕ್ಯಾಮರಾ ಕುರುಡಾಗಿತ್ತು. ಹಂಪಿಯೆಂದರೆ ಬೂದುಬಣ್ಣದ ವಿಷಾದ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಲು ಪುಸ್ತಕಗಳಲ್ಲಿ ಬಂದ ಕಪ್ಪುಬಿಳುಪು ಚಿತ್ರಗಳ ಪಾಲೂ ಇದೆ. ಬೈಗಿನಲ್ಲಿ ಮಾತಂಗದ ತುದಿಯಲ್ಲಿ ನಿಂತವರಿಗೆ ಕಾಣುವುದು ಕಿತ್ತಳೆ, ಜೇನುಬಣ್ಣ, ಗುಲಾಬಿ.

ಬೂದು ಹಂಪಿಗೆ ಬಣ್ಣ ಮರಳಿಸಬೇಕಾದರೆ, ಕಂಡದ್ದರ ಜೊತೆ ಅನಿಸಿದ್ದನ್ನೂ ಬರೆಯುವ ಚಿತ್ರಕಲೆ ಕನ್ನಡ ನಾಡಿಗೆ ಬರಬೇಕಿತ್ತು. ಅದು ಬಂದದ್ದು ಮೈಸೂರಿನ ಕಡೆಯಿಂದ. ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಹಚ್ಚುವ ಜಪಾನೀ ಮೂಲದ ವಾಶ್ ಪದ್ಧತಿ ಅಲ್ಲಿಯದು. ಅಂಚುಗಳೆಲ್ಲ ಕರಗಿ ಕನಸಿನಂತಾಗುತ್ತವೆ. ವೆಂಕಟಪ್ಪನವರು ಊಟಿ ಮತ್ತು ಕೊಡೈಕೆನಾಲಿನ ನೋಟಗಳನ್ನು ಜಲವರ್ಣದಲ್ಲಿ ಬರೆಯುವಾಗ ಕನಸನ್ನು ಬಿಟ್ಟು ಕಣ್ಣನ್ನು ನಂಬಿದರು. ಮಂಜು, ಮೋಡ ಒಡೆಯುವ ಗಳಿಗೆ, ಬೆಳದಿಂಗಳು ಅವರ ವಸ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವು ಇವೆ. ಕುಂಚದ ಜಾಡು ಹುಡುಕಿದರೂ ಸಿಗದಷ್ಟು ನಯ. ಭಾವ ಹುಟ್ಟುವುದು ಬೆಳಕಿನ ಏರಿಳಿತದಿಂದ. ಅವರ ನಂತರದ ತಲೆಮಾರಿನ ರುಮಾಲೆ ಚನ್ನಬಸವಯ್ಯ (1910–1988) ಇದಕ್ಕೆ ಪೂರಾ ತದ್ವಿರುದ್ಧ. ಸ್ವಾತಂತ್ರ್ಯ ಹೋರಾಟಕ್ಕೆಂದು ಕುಂಚ ಕೆಳಗಿಟ್ಟು, ನಡುವಯಸ್ಸು ದಾಟಿದ ಮೇಲೆ ಮತ್ತೆ ಹಿಡಿದ ಈ ಮನುಷ್ಯ ಮರದ ಕೆಳಗೇ ಕೂತು ದೊಡ್ಡ ದೊಡ್ಡ ಜಲವರ್ಣ ಬರೆದರು. ಚುಕ್ಕೆ ಚುಕ್ಕೆಯಾಗಿ, ತುಂಡು ತುಂಡು ಬೀಸಾಗಿ ಬಣ್ಣವನ್ನು ಬೆರೆಸದೆ ಪಕ್ಕಪಕ್ಕದಲ್ಲಿಟ್ಟರು. ಅವರ ಗುಲ್‌ಮೊಹರ್ ಮರಗಳು ಹೂ ಬಿಟ್ಟಂತಿರುವುದಿಲ್ಲ, ಹೊತ್ತಿಕೊಂಡಂತಿರುತ್ತವೆ.

ಇವರಿಬ್ಬರ ನಡುವೆ ನಿಂತು ಹಂಪಿಯ ಬಂಡೆಯನ್ನು ನೋಡಿದರೆ ಇಂದು ಅಲ್ಲಿ ಈಸಲ್ ಹೂಡುವ ಚಿತ್ರಕಾರರ ಕಷ್ಟ ಅರ್ಥವಾಗುತ್ತದೆ. ನಡುಹಗಲಿನಲ್ಲಿ ಬಂಡೆಗೆ ಬಣ್ಣವೇ ಇರುವುದಿಲ್ಲ, ಬಿಸಿಲು ಎಲ್ಲವನ್ನೂ ಕುಡಿದಿರುತ್ತದೆ. ಆಗ ಜಲವರ್ಣದವರು ಕಾಗದದ ಬಿಳಿಯನ್ನೇ ಬಿಸಿಲಾಗಿ ಉಳಿಸಿಕೊಂಡು ನೆರಳನ್ನಷ್ಟೇ ಬರೆಯುತ್ತಾರೆ. ಆ ನೆರಳಿಗೆ ಕಪ್ಪು ಹಾಕಿದರೆ ಬಂಡೆ ಸತ್ತಂತೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ನೆರಳಿನೊಳಗೂ ಕಾವು ಆಡುತ್ತದೆ. ಬರ್ಂಟ್ ಸಿಯೆನ್ನಾ ಎಂದರೆ ಮತ್ತದೇ ಸುಟ್ಟ ಕಬ್ಬಿಣದ ಮಣ್ಣು, ಇಟಲಿಯ ಸಿಯೆನ್ನಾ ಊರಿನ ಹೆಸರಲ್ಲಿ. ನೀರು ಹಿಂಡಿದ ಒಣ ಕುಂಚವನ್ನು ಒರಟು ಕಾಗದದ ಮೇಲೆ ಎಳೆದರೆ ಬಣ್ಣ ಉಬ್ಬುಗಳಿಗೆ ತಾಗಿ ಹಳ್ಳಗಳನ್ನು ಬಿಟ್ಟು ಸಾಗುತ್ತದೆ. ಗ್ರಾನೈಟಿನ ಚರ್ಮ ತಾನಾಗಿ ಮೂಡುತ್ತದೆ. ಬೀಸು ಬಂಡೆಯ ಉರುಟಿನ ಜೊತೆಗೇ ಸುತ್ತಿದರೆ ಕಲ್ಲು ನೆಲೆಯಾಗಿ ಕೂತು ತೂಕಡಿಸುತ್ತದೆ. ಉರುಟಿಗೆ ಅಡ್ಡಲಾಗಿ ಚಕ್ಕೆ ಚಕ್ಕೆಯಾಗಿ ಹೊಡೆದರೆ ಈಗ ಉರುಳೀತು ಎನ್ನುವ ಆತಂಕ. ಪಾಯಸ್ ಮಾತಿನಲ್ಲಿ ಹೇಳಿದ, ಗಾಳಿಯಲ್ಲಿ ನಿಂತ ಕಲ್ಲು ಅದು. ಬಂಡೆ ಒಂದೇ, ಕೈ ತಿರುಗುವ ದಿಕ್ಕು ಬದಲಾಯಿತು ಅಷ್ಟೆ.

ಹೇಮಕೂಟದಲ್ಲಿ ಸೂರ್ಯಾಸ್ತ ನೋಡಲು ದಿನವೂ ಜನ ಸೇರುತ್ತಾರೆ, ಕಂತಿದ ಕೂಡಲೇ ಇಳಿದು ಹೋಗುತ್ತಾರೆ. ಅಸಲು ನೋಟ ಆಮೇಲಿನ ಕಾಲು ಗಂಟೆಯದು. ಬೆಳಕು ಕುಂದಿದಾಗ ಮನುಷ್ಯನ ಕಣ್ಣಿಗೆ ಕೆಂಪು ಬೇಗ ಕಪ್ಪಾಗಿ, ನೀಲಿ ಹಸಿರುಗಳು ಹೆಚ್ಚು ಬೆಳಗಿದಂತೆ ಕಾಣುತ್ತವೆ. ಬೊಹೆಮಿಯಾದ ವಿಜ್ಞಾನಿ ಯಾನ್ ಪುರ್ಕಿನ್ಯೆ 1819ರಲ್ಲಿ ಇದನ್ನು ಗುರುತಿಸಿದ. ಹೊಳೆಯಾಚೆಯ ಗದ್ದೆಯ ಹಸಿರು ಆಗ ಉಳಿಯುತ್ತದೆ, ಬಂಡೆಯ ಕೆಂಪು ಮುಳುಗುತ್ತದೆ. ಚಿತ್ರಕಾರನಿಗೆ ದುಗುಡವನ್ನು ಬರೆಯಬೇಕಿದ್ದರೆ ಸೂರ್ಯ ಬೇಡ, ಈ ಕಾಲು ಗಂಟೆ ಸಾಕು.

ಹಂಪಿಯನ್ನು ಬಿಟ್ಟು ದಕ್ಷಿಣಕ್ಕೆ ಬಂದರೆ ನೋಟ ಪೂರ್ತಿ ಬೇರೆ. ಸಂಡೂರಿನದು ಉರುಟು ಬಂಡೆಯ ನಾಡಲ್ಲ, ಉದ್ದುದ್ದ ಬೆಟ್ಟಸಾಲಿನ ಕಣಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಾರಿ ಸೀಮೆಯ ಬಿಸಿಲಿನ ನಡುವೆ ಇದೊಂದು ಹಸಿರು ಬಟ್ಟಲು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದರೆಂದು ಸಂಡೂರಿನವರು ಇಂದಿಗೂ ಹೇಳುತ್ತಾರೆ. ಆ ಚೆಲುವಿನ ಗುಟ್ಟು ಹಸಿರಿನಲ್ಲಿ ಎಷ್ಟಿದೆಯೋ ಹಸಿರಿನ ಕೆಳಗಿಂದ ಇಣುಕುವ ಕೆಂಪಿನಲ್ಲೂ ಅಷ್ಟೇ ಇದೆ. ಬಣ್ಣದ ಚಕ್ರದಲ್ಲಿ ಇವೆರಡೂ ಎದುರುಬದುರು. ಪಕ್ಕಪಕ್ಕದಲ್ಲಿಟ್ಟರೆ ಒಂದನ್ನೊಂದು ಕೆಣಕುತ್ತವೆ. 1888ರಲ್ಲಿ ವ್ಯಾನ್ ಗಾಗ್ ಆರ್ಲ್ ಊರಿನ ರಾತ್ರಿಯ ಕೆಫೆಯೊಂದನ್ನು ಬರೆಯುವಾಗ ಮನುಷ್ಯನ ಭೀಕರ ತಹತಹಗಳನ್ನು ತೋರಿಸಲು ಬಳಸಿದ್ದು ಕೆಂಪು ಹಸಿರಿನ ಈ ಜಗಳವನ್ನೇ. ಸಂಡೂರಿನ ಕಣಿವೆಯಲ್ಲಿ ಇದೇ ಜಗಳ ಹಬ್ಬವಾಗುತ್ತದೆ. ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಕಸೂತಿಯಲ್ಲೂ ಅದು ಹಬ್ಬವೇ. ಕೆಂಪು ಬಟ್ಟೆಯ ಮೇಲೆ ಗಿಡ್ಡ ಗಿಡ್ಡ ಹೊಲಿಗೆ, ನಡುವೆ ಕನ್ನಡಿ. ರುಮಾಲೆಯವರ ಕುಂಚದ ಬೀಸಿಗೂ ಆ ಹೊಲಿಗೆಗೂ ನಂಟು ಕಟ್ಟಬಹುದು, ಇಬ್ಬರೂ ಬಣ್ಣವನ್ನು ಕಲೆಸುವುದಿಲ್ಲ.

ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಹೆಸರಾಂತ ವನ್ಯಜೀವಿ ಫೋಟೋಗ್ರಾಫರ್ ಕೂಡ. ಇಂಥ ಬಣ್ಣದ ಊರಿನವರಾಗಿಯೂ ಅವರು ಒಲಿದದ್ದು ಕಪ್ಪುಬಿಳುಪಿಗೆ. 

ಕೆಂಪಿನ ಕಥೆ ಇಲ್ಲಿಂದ ಮುಂದೆ ತೋರಣಗಲ್ಲಿಗೆ ಬರುತ್ತದೆ. 1971ರಲ್ಲಿ ಇಂದಿರಾ ಗಾಂಧಿ ಇಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟರು. ಕಾರ್ಖಾನೆ ಮಾತ್ರ 1990ರ ದಶಕದಲ್ಲಿ ಜಿಂದಾಲರ ಕೈಯಲ್ಲಿ ಮೇಲೆದ್ದಿತು. ಊದುಕುಲುಮೆ ಮಾಡುವ ಕೆಲಸವನ್ನು ಬಣ್ಣದವರ ಭಾಷೆಯಲ್ಲಿ ಹೇಳುವುದಾದರೆ, ಅದು ಕೆಂಪು ಮಣ್ಣಿನಿಂದ ಆಮ್ಲಜನಕ ಕಸಿದು ಅದರ ಕೆಂಪನ್ನು ತೆಗೆಯುತ್ತದೆ. ಉಳಿಯುವುದು ಬೂದುಬಣ್ಣದ ಕಬ್ಬಿಣ. 2000ದ ನಂತರ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆ, ಬಳ್ಳಾರಿಯ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲಿರುಳು ಕಡಿಯಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳ ಮೇಲೆ ಮತ್ತೆ ಶುರುವಾಯ್ತು.

ಲಾರಿಗಳ ಆ ವರ್ಷಗಳಲ್ಲಿ ಈ ನೆಲ ನೋಡಿದವರಿಗೆ ಧೂಳು ಮಾಡಿದ ಒಂದು ಕೆಲಸ ಮರೆಯುವುದಿಲ್ಲ. ಬೇವಿನ ಎಲೆ, ಮೆಣಸಿನ ಹೊಲ, ಹಂಚು, ಎಮ್ಮೆಯ ಬೆನ್ನು, ಎಲ್ಲದರ ಮೇಲೂ ಒಂದೇ ಕಂದುಗೆಂಪು ಕೂತಿತು. ಕೆಂಪು ಹೆಚ್ಚಾಗಿದ್ದರೂ ನೋಟದ ಕಾವು ಹೋಗಿಬಿಟ್ಟಿತ್ತು, ಯಾಕೆಂದರೆ ಅದನ್ನು ಕೆಣಕಲು ಎದುರಿಗೆ ಹಸಿರೇ ಇರಲಿಲ್ಲ. ಪ್ಯಾಲೆಟ್ಟಿನ ಬಣ್ಣಗಳನ್ನೆಲ್ಲ ಕಲೆಸಿದಾಗ ಬರುವ ಕೆಸರಿನಂತೆ. ಚಿತ್ರಕಾರನಿಗೆ ಇನ್ನೂ ಬಿಕ್ಕಟ್ಟಿನ ವಿಷಯವೊಂದಿದೆ. ಮಳೆ ಬಂದು ಧೂಳು ತೊಳೆದ ಮೇಲೆ ಸಂಡೂರಿನ ಬೆಟ್ಟವನ್ನು ದೂರದಿಂದ ನೋಡಿದರೆ ಕಣ್ಣನ್ನು ಮೊದಲು ಸೆಳೆಯುವುದು ಮೆಟ್ಟಿಲು ಮೆಟ್ಟಿಲಾಗಿ ಬಗೆದ ಗಣಿಯ ಮೈ. ನೋಟದಲ್ಲೆಲ್ಲ ಅತಿ ಚೆಲುವಾದ ಕೆಂಪು ಅಲ್ಲೇ ಇದೆ, ಬೆಟ್ಟ ಕಡಿದ ಜಾಗದಲ್ಲಿ. ಬರೆಯುವ ಕೈ ಅದನ್ನು ಸೊಬಗೆಂದು ಬರೆಯಬೇಕೋ ಗಾಯವೆಂದು ಬರೆಯಬೇಕೋ?

ಫ್ರಾನ್ಸಿನ ಚಿತ್ರಕಾರ ಸೆಜಾನ್ (1839–1906) ಎದುರಿಗೂ ಹೆಚ್ಚು ಕಡಿಮೆ ಇಂಥದೇ ನೋಟವಿತ್ತು. ತನ್ನೂರು ಏಕ್ಸ್ ಬಳಿಯ ಬಿಬೆಮ್ಯೂ ಎಂಬ ಹಳೆಯ ಕಲ್ಲುಗಣಿಯಲ್ಲಿ ಅವನು 1895ರಿಂದ ಹಲವು ವರ್ಷ ಚಿತ್ರ ಬರೆದ. ಕಿತ್ತಳೆ, ಕಾವಿ ಬಣ್ಣದ ಕಡಿದ ಬಂಡೆಗಳು, ನಡುವೆ ಹಸಿರು ಮರ, ಹಿಂದೆ ನೀಲಿ ಬೆಟ್ಟ. ಒಂದರ ಪಕ್ಕ ಒಂದು ಓರೆಯಾಗಿ ಇಟ್ಟ ಗಿಡ್ಡ ಬೀಸುಗಳಲ್ಲಿ ಅವನು ಕಲ್ಲನ್ನು ಮತ್ತೆ ಕಟ್ಟಿದ. ಅಳಲೂ ಇಲ್ಲ, ಹೊಗಳಿಕೆಯೂ ಇಲ್ಲ. ಆದರೆ ಬಿಬೆಮ್ಯೂ ಅವನ ಕಾಲಕ್ಕೆ ಕೈಬಿಟ್ಟ ಗಣಿ, ಮರಗಳು ಮರಳಿ ಬಂದಿದ್ದವು. ಸಂಡೂರಿನ ಗಣಿಯಲ್ಲಿ ಯಂತ್ರಗಳು ಇನ್ನೂ ಓಡುತ್ತಿವೆ. ಸೆಜಾನನ ಸಮಾಧಾನ ಇಲ್ಲಿಯ ಚಿತ್ರಕಾರನಿಗೆ ಸುಲಭಕ್ಕೆ ದಕ್ಕುವಂಥದ್ದಲ್ಲ.

2024ರ ಫೆಬ್ರವರಿಯಲ್ಲಿ ತೋರಣಗಲ್ಲಿನ ಕಡೆ ‘ಹಂಪಿ ಆರ್ಟ್ ಲ್ಯಾಬ್ಸ್’ ತೆರೆಯಿತು. ಜಿಂದಾಲರ ಜೆಎಸ್‌ಡಬ್ಲ್ಯೂ ಪ್ರತಿಷ್ಠಾನ ಕಟ್ಟಿಸಿದ, ವಾಸ್ತುಶಿಲ್ಪಿ ಸಮೀಪ್ ಪಡೋರಾ ರೂಪಿಸಿದ ಕಲಾಕೇಂದ್ರವಿದು. ಮಣ್ಣಿನ ಬಣ್ಣದ ಬಾಗು ಗೋಡೆಗಳು, ಗ್ಯಾಲರಿ, ಅಚ್ಚಿನ ಕಲೆ ಮತ್ತು ಕುಂಬಾರಿಕೆಯ ಸ್ಟುಡಿಯೋಗಳು, ಬೇರೆ ಬೇರೆ ಊರುಗಳಿಂದ ಬರುವ ಕಲಾವಿದರಿಗೆ ಇದ್ದು ಕೆಲಸ ಮಾಡುವ ಅನುಕೂಲ. ಅದಿರು ಕರಗಿಸುವ ಊರಿನಲ್ಲೇ, ಅದಿರು ಕರಗಿಸುವವರ ಹಣದಿಂದಲೇ ಕುಂಚಕ್ಕೆ ಮನೆಯಾಗಿದೆ. ವಿಜಯನಗರದ ಅರಸರ ಕಾಲದಲ್ಲೂ ಬಣ್ಣಕ್ಕೆ ಹಣ ಬರುತ್ತಿದ್ದದ್ದು ಯುದ್ಧ, ಸುಂಕಗಳ ಬೊಕ್ಕಸದಿಂದಲೇ ಅಲ್ಲವೇ ಎಂದು ಕೇಳುವವರು ಕೇಳಬಹುದು. ಇಲ್ಲಿಗೆ ಬರುವ ಕಲಾವಿದರ ಕಿಟಕಿಯಾಚೆ ಕಾಣುವುದನ್ನು ಅವರು ಯಾವ ಕೆಂಪಿನಲ್ಲಿ ಬರೆಯುತ್ತಾರೆ ಎಂಬುದರ ಮೇಲೆ ಈ ಮನೆಯ ಲೆಕ್ಕ ನಿಲ್ಲುತ್ತದೆ.

ಸುತ್ತಲ ಹಳ್ಳಿಗಳಲ್ಲಿ ಮಾತ್ರ ಕೆಮ್ಮಣ್ಣು ಯಾವ ಗ್ಯಾಲರಿಯನ್ನೂ ಕೇಳದೆ ಹಬ್ಬದಿಂದ ಹಬ್ಬಕ್ಕೆ ದಾಟುತ್ತಿದೆ. ದಸರೆಗೋ ಯುಗಾದಿಗೋ ಮುಂಚೆ ಮನೆಗೆ ಸುಣ್ಣ ಹೊಡೆದು, ಕಟ್ಟೆಗೂ ಗೋಡೆಯ ಬುಡಕ್ಕೂ ಕೆಮ್ಮಣ್ಣು ಬಳಿಯುತ್ತಾರೆ. ಗುಡಿಯ ಗೋಡೆಗಾದರೆ ಬಿಳಿ ಕೆಂಪಿನ ಪಟ್ಟೆ. ನಾರಿನ ತುದಿ ಜಜ್ಜಿ ಕಟ್ಟಿದ ಕುಂಚ, ಇಲ್ಲವೇ ಹಳೆ ಬಟ್ಟೆಯ ಉಂಡೆ. ಪಟ್ಟೆಯ ಅಂಚು ಅಲ್ಲಲ್ಲಿ ಸೊಟ್ಟಗಿರುತ್ತದೆ, ಕೈ ಎಲ್ಲಿ ನಿಂತು ಮತ್ತೆ ಕುಂಚ ಅದ್ದಿತು ಎಂಬುದು ಕಾಣುತ್ತದೆ, ಕೆಳಗೆ ನೆಲದ ಮೇಲೆ ಒಂದೆರಡು ಕೆಂಪು ಹನಿ ಬಿದ್ದಿರುತ್ತವೆ.